ಏಕವಚನ

ಮಟಮಟ ಮಧ್ಯಾಹ್ನ ಮನೆಯ ಹಿಂಬಾಗಿಲ ಮೆಟ್ಟಿಲ ಮೇಲೆ ತಮ್ಮ ಕೂತಿದ್ದ. ಕಾರ್ಖಾನೆಯ ನೀಲಿ ಅಂಗಿಯನ್ನು ಬಿಚ್ಚಿ ಪಕ್ಕಕ್ಕೆ ಎಸೆದಿದ್ದ. ಮರೆತ ಕನ್ನಡಕ ತೆಗೆದುಕೊಂಡು ಹೋಗಲು ಮನೆಗೆ ಬಂದ ಅಕ್ಕ ಅವನನ್ನು ನೋಡಿ ಅಲ್ಲೇ ನಿಂತಳು.

"ಕೆಲಸಕ್ಕೆ ಹೋಗ್ಲಿಲ್ವೇನೋ?"

"ಹೋಗಿದ್ದೆ. ಬರಬೇಡ ಅಂದ್ರು."

"ಯಾಕೆ?"

ಅವನು ಅಂಗಿಯ ಜೇಬಿನಿಂದ ಮಡಚಿದ ಹಾಳೆಯೊಂದನ್ನು ತೆಗೆದು ಕೊಟ್ಟ. ಅಷ್ಟರಲ್ಲಿ ಅಮ್ಮನೂ ತಮ್ಮನ ಹೆಂಡತಿಯೂ ಅಡಿಗೆಮನೆಯಿಂದ ಇಣುಕಿದರು. ಇಬ್ಬರ ಕಣ್ಣೂ ಕೆಂಪಾಗಿದ್ದವು. ವಿಷಯ ಆಗಲೇ ಅವರಿಗೆ ಮುಟ್ಟಿತ್ತು.

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ತಮ್ಮ ಪೈಪು, ತೊಟ್ಟಿ ನೋಡಿಕೊಳ್ಳುವ ಕೆಲಸದಲ್ಲಿದ್ದ. ಅವನ ಜೊತೆಗಾರನೊಬ್ಬ ಹಿಂದಿನ ವಾರವಷ್ಟೇ ತೀರಿಕೊಂಡಿದ್ದ. ಯಾವಾಗಲೂ ಸಿಳ್ಳೆ ಹಾಕುತ್ತಾ ಕೆಲಸ ಮಾಡುತ್ತಿದ್ದರಿಂದ ಎಲ್ಲರೂ ಅವನನ್ನು 'ಸಿಳ್ಳೆ' ಎಂದೇ ಕರೆಯುತ್ತಿದ್ದರು. ಬಣ್ಣದ ಕೊಳೆನೀರು ನಿಲ್ಲುವ ಮುಚ್ಚಿದ ತೊಟ್ಟಿಯನ್ನು ತೊಳೆಯುವ ದಿನ ಅದು. ಮುಚ್ಚಳ ತೆಗೆದು, ದೊಡ್ಡ ಫ್ಯಾನು ಹಾಕಿ, ಒಳಗಿನ ಗಾಳಿ ತಿಳಿಯಾಗುವವರೆಗೆ ಯಾರೂ ಇಳಿಯಬಾರದು. ಮೇಸ್ತ್ರಿಗೆ ಅಷ್ಟು ಪುರುಸೊತ್ತಿರಲಿಲ್ಲ. ಫ್ಯಾನು ಹಾಕೋಣ ಎಂದು ತಮ್ಮ ಹೇಳಿದ. ಬೇಡ, ನಾನು ಇಳಿಯಲ್ಲ ಎಂದು ಸಿಳ್ಳೆ ಮೇಸ್ತ್ರಿಗೆ ಹೇಳಿದ. ಮೇಸ್ತ್ರಿ ಹಗ್ಗವನ್ನು ತಮ್ಮನ ಕೈಗೆ ತುರುಕಿ, ಸಿಳ್ಳೆಯ ತೋಳು ಹಿಡಿದು ಏಣಿಯ ಮೇಲೆ ನಿಲ್ಲಿಸಿ, ಇಳಿ ಎಂದು ಗದರಿದ. ಸ್ವಲ್ಪ ಹೊತ್ತಿಗೇ ಹಗ್ಗ ಸಡಿಲವಾಯಿತು. ತಮ್ಮ ಒಬ್ಬನೇ ಅವನನ್ನು ಎಳೆದು ಮೇಲೆ ಹಾಕಿದ, ಅಂಗೈ ಸುಲಿದುಹೋಗಿತ್ತು. ಆಸ್ಪತ್ರೆಯಲ್ಲಿ ಸಿಳ್ಳೆಗೆ ಎಚ್ಚರ ಬಂತು. ಅಪಘಾತ ವಿಚಾರಣೆಯ ಕಚೇರಿಯವರು ಬಂದು ಅವನ ಹೇಳಿಕೆಯನ್ನು ಧ್ವನಿಮುದ್ರಣ ಮಾಡಿಕೊಂಡು ಹೋದರು. ಮಾರನೆಯ ಸಂಜೆ ಸಿಳ್ಳೆ ತೀರಿಹೋದ.

ಅಕ್ಕ ಹಾಳೆಯನ್ನು ಬಿಡಿಸಿದಳು. 'ಮೃತರ ಹೇಳಿಕೆಯ ಸಾರಾಂಶ' ಎಂದು ಮೇಲೆ ಅಚ್ಚಾಗಿತ್ತು. ಕೆಳಗೆ: 'ಮೇಸ್ತ್ರಿಯವರು ಬೇಡವೆಂದು ಹೇಳಿದರೂ ಕೇಳದೆ, ಹಗ್ಗ ಹಿಡಿದಿದ್ದ ಸಹೋದ್ಯೋಗಿಯು ತನ್ನನ್ನು ತೊಟ್ಟಿಗೆ ಇಳಿಸಿದನು.'

"ಸಿಳ್ಳೆ ಯಾಕಕ್ಕಾ ಹಂಗಂದ?" ತಮ್ಮ ಕೇಳಿದ. "ಕೆಲಸ ಹೋಯ್ತು, ಹೋಗ್ಲಿ. ಕೇಸು ಹಾಕ್ತಾರಂತೆ, ಹಾಕ್ಲಿ. ಸಾಯೋ ಮುಂಚೆ ಅವನು ನನ್ನ ಹೆಸ್ರು ಯಾಕೆ ಹೇಳ್ದ? ನಾನೇನು ಮಾಡಿದ್ದೆ ಅವನಿಗೆ?"

ಅಕ್ಕ ಹಾಳೆಯ ವಾಕ್ಯವನ್ನು ಮತ್ತೆ ಓದಿದಳು. ಆ ವಾಕ್ಯ ಮನುಷ್ಯರು ಬರೆದದ್ದಲ್ಲ. 'ಸಹೋದ್ಯೋಗಿಯು', 'ತನ್ನನ್ನು', 'ಇಳಿಸಿದನು' — ಈ ಇಸ್ತ್ರಿ ಹಾಕಿದ ಭಾಷೆ ಯಾರದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಬರೆದ ಯಂತ್ರಕ್ಕೆ ವ್ಯಾಕರಣ ಕಲಿಸಿದವಳು ಅವಳೇ.

ಅವಳು ಭಾಷಾಶಾಸ್ತ್ರ ಓದಿ, ಹಲವು ವರ್ಷ ಪಾಠ ಹೇಳಿ, ಆಮೇಲೆ ಕಂಪ್ಯೂಟರಿಗೆ ಮಾತು ಅರ್ಥ ಮಾಡಿಸುವ ಕಂಪನಿಯೊಂದರ ಪ್ರಯೋಗಾಲಯಕ್ಕೆ ಸೇರಿದವಳು. ಅಲ್ಲಿ ಬೆನ್ನ ಹಿಂದೆ ಅವಳಿಗೆ 'ವ್ಯಾಕರಣಮ್ಮ' ಎಂಬ ಹೆಸರು ಬಿದ್ದಿತ್ತು. ಬರಬರುತ್ತಾ ಎದುರಿಗೂ ಹಾಗೇ ಕರೆಯತೊಡಗಿದರು. ಅವಳು ನಂಬಿದ್ದ ಸಿದ್ಧಾಂತ ಹೇಳಲು ಸುಲಭ, ಮಾಡಲು ಕಷ್ಟ. ಮನುಷ್ಯ ಮಾತು ಕೇಳುವಾಗ ಮೊದಲು ಪದ, ಆಮೇಲೆ ವಾಕ್ಯ, ಕೊನೆಗೆ ಅರ್ಥ ಎಂದು ಸರದಿಯಲ್ಲಿ ಕೆಲಸ ಮಾಡುವುದಿಲ್ಲ. ಎಲ್ಲವೂ ಒಟ್ಟೊಟ್ಟಿಗೇ ನಡೆಯುತ್ತದೆ. ಒಂದು ತಪ್ಪಿದರೆ ಇನ್ನೊಂದು ಅದರ ಕಿವಿ ಹಿಂಡುತ್ತದೆ. ಅದಕ್ಕೇ ಅವಳ ಯಂತ್ರದಲ್ಲಿ ನಾಲ್ಕು ಕವಲುಗಳು ಅಕ್ಕಪಕ್ಕದಲ್ಲಿ ಏಕಕಾಲಕ್ಕೆ ಓಡುತ್ತಿದ್ದವು. ಒಂದು ಪದಗಳಿಗೆ ಅಂಟಿದ ಪ್ರತ್ಯಯದ ಬಾಲ ಬಿಡಿಸುತ್ತಿತ್ತು. ಒಂದು ಯಾವ ಪದ ಯಾವುದಕ್ಕೆ ಸೇರಿದ್ದೆಂದು ವಾಕ್ಯ ಕಟ್ಟುತ್ತಿತ್ತು. ಒಂದು ಅರ್ಥ ಕೂಡುತ್ತದೋ ಇಲ್ಲವೋ ನೋಡುತ್ತಿತ್ತು. ನಾಲ್ಕನೆಯದು ಅವಳ ಮುದ್ದಿನ ಕವಲು: ಮಾತಿನೊಳಗಿನ ಜನರನ್ನು ಅದು ಕಾಯುತ್ತಿತ್ತು. ಯಾರು ಯಾರಿಗೆ ಏನಾಗಬೇಕು, ಯಾರನ್ನು 'ಬಂದ' ಎನ್ನುತ್ತಾರೆ, ಯಾರನ್ನು 'ಬಂದರು' ಎನ್ನುತ್ತಾರೆ, ಹೇಳದೆ ನುಂಗಿದ ಹೆಸರು ಯಾರದಿರಬೇಕು, ಇದೆಲ್ಲ ಅದರ ಪಾಲಿನ ಕೆಲಸ. ನಮ್ಮ ಮಾತಿನಲ್ಲಿ ಹೆಸರು ನುಂಗುವುದೇ ಹೆಚ್ಚು. 'ಊಟ ಮಾಡಿ ಹೋದ' ಎಂದರೆ ಮನೆಯವರಿಗೆ ಯಾರೆಂದು ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಎರಡು ಅರ್ಥ ಬರುವ ಕಡೆ ಎರಡನ್ನೂ ಕೊನೆಯವರೆಗೆ ಜೀವಂತವಾಗಿ ಇಟ್ಟುಕೊಳ್ಳಬೇಕು, ತೀರ್ಮಾನ ಆಗದಿದ್ದರೆ ಎರಡನ್ನೂ ಬರೆಯಬೇಕು ಎಂಬುದು ಅವಳು ಹಾಕಿದ ಕಟ್ಟಳೆ.

ಯಂತ್ರವನ್ನು ಕೊಳ್ಳುವವರ ಎದುರು ಓಡಿಸಿ ತೋರಿಸಿದ ದಿನ ಆ ನಾಲ್ಕನೆಯ ಕವಲು ತಡವರಿಸಿತು. ಉಳಿದವು ಕೆಲಸ ಮುಗಿಸಿ ಕಾಯುತ್ತಿದ್ದರೆ ಇದು ಇನ್ನೂ ಹಿಂದಿನ ವಾಕ್ಯ ಮುಂದಿನ ವಾಕ್ಯ ತಡಕಾಡುತ್ತಿತ್ತು. ಪ್ರಯೋಗಾಲಯದ ನಿರ್ದೇಶಕರು ಮುಖ ಸಿಂಡರಿಸಿದರು. ಮಾರನೆಯ ದಿನ ಸಭೆ ಕರೆದು, "ಮೊದಲು ಯಾವ ಅರ್ಥ ಮುಗಿಯುತ್ತೋ ಅದೇ ಅರ್ಥ. ಆ ನಿಧಾನದ ಕವಲನ್ನ ಆಫ್ ಮಾಡಿ" ಎಂದರು. ವ್ಯಾಕರಣಮ್ಮ ಮೇಜು ಗುದ್ದಿ ಜಗಳ ಮಾಡಿದಳು. ಅವರು ನಕ್ಕರು. "ಗಿರಾಕಿಗೆ ಎರಡೆರಡು ಅರ್ಥ ಕೊಟ್ಟರೆ ಅವನು ನಮಗೆ ಎರಡು ಸಲ ದುಡ್ಡು ಕೊಡ್ತಾನಾ ಮೇಡಂ?" ಸಭೆಯಲ್ಲಿದ್ದವರೂ ನಕ್ಕರು. ಯಂತ್ರ ಅಪಘಾತ ವಿಚಾರಣೆಯ ಕಚೇರಿಗೆ ಮಾರಾಟವಾಯಿತು.

ಕನ್ನಡಕವನ್ನು ಮರೆತು, ಹಾಳೆಯನ್ನು ಕೈಯಲ್ಲೇ ಹಿಡಿದು ಅವಳು ಪ್ರಯೋಗಾಲಯಕ್ಕೆ ವಾಪಸು ನಡೆದಳು. ಬಸ್ಸಿಗೂ ಕಾಯಲಿಲ್ಲ. ಯಂತ್ರಕ್ಕೆ ಬಂದ ಹೇಳಿಕೆಗಳ ಮೂಲ ಮಾತು ಅಲ್ಲಿನ ಕಂಪ್ಯೂಟರಿನಲ್ಲೂ ಉಳಿಯುತ್ತಿತ್ತು. ಸಿಳ್ಳೆಯದನ್ನು ಹುಡುಕಿ ತೆಗೆದಳು. ಕೆಮ್ಮಿನ ನಡುವೆ ಆಡಿದ ಕೆಲವೇ ಸಾಲುಗಳು.

'ಅಣ್ಣ ಬೆಳಗ್ಗೆನೇ ಬಂದಿದ್ರು. ಫ್ಯಾನ್ ಹಾಕೋಣ ಅಂದ್ರು. ಮೇಸ್ತ್ರಿ ಬಂದ. ಬೈದ. ಹಗ್ಗ ಅಣ್ಣನ ಕೈಲಿತ್ತು. ಮೇಸ್ತ್ರಿ ಬೇಡ ಬೇಡ ಅಂದ್ರೂ ಕೇಳ್ದೆ ಒಳಗಿಳಿಸ್ದ. ಆಮೇಲೆ ಏನೂ ಗೊತ್ತಿಲ್ಲ. ಅಣ್ಣನೇ ಎಳ್ಕೊಂಡ್ರಂತೆ.'

ಅಣ್ಣ ಎಂದರೆ ಅವಳ ತಮ್ಮ. ವಯಸ್ಸಿನಲ್ಲಿ ಹಿರಿಯನೆಂದು ಸಿಳ್ಳೆ ಅವನನ್ನು ಹಾಗೆ ಕರೆಯುತ್ತಿದ್ದ.

ಅವಳಿಗೆ ಒಂದೇ ಓದಿಗೆ ತಪ್ಪು ಕಂಡಿತು. 'ಮೇಸ್ತ್ರಿ ಬೇಡ ಬೇಡ ಅಂದ್ರೂ.' ಬೇಡ ಅಂದವನು ಯಾರು? ನಾನು ಬೇಡ ಅಂದರೂ ಮೇಸ್ತ್ರಿ ಕೇಳದೆ ಇಳಿಸಿದ ಎಂದೂ ಆಗಬಹುದು. ಮೇಸ್ತ್ರಿ ಬೇಡ ಅಂದರೂ ಇನ್ನೊಬ್ಬ ಕೇಳದೆ ಇಳಿಸಿದ ಎಂದೂ ಆಗಬಹುದು. ಯಂತ್ರ ಹತ್ತಿರ ಕಂಡ ಹೆಸರನ್ನು ಹತ್ತಿರದ ಕ್ರಿಯೆಗೆ ಗಂಟು ಹಾಕಿ, ಹಿಂದಿನ ಸಾಲಿನ ಹಗ್ಗದವನನ್ನು ಎಳೆದು ತಂದು ಅವನ ತಲೆ ಮೇಲೆ ಗೂಬೆ ಕೂರಿಸಿತ್ತು.

ನಿರ್ದೇಶಕರ ಕೋಣೆಯ ಬಾಗಿಲನ್ನು ಅವಳು ತಟ್ಟಲಿಲ್ಲ, ತಳ್ಳಿದಳು. ಅವರು ಫೋನಿನಲ್ಲಿದ್ದರು. ಹಾಳೆಯನ್ನು ಅವರ ಮುಂದೆ ಹಾಕಿದಳು.

"ಓದಿ ಸರ್."

ಅವರು ಫೋನಿಟ್ಟು, ಓದಿ, ಕುರ್ಚಿಗೆ ಒರಗಿದರು. "ಎಲ್ಲೋ ಒಂದು ತಪ್ಪಾಗಿರಬಹುದು ಮೇಡಂ. ಮನುಷ್ಯರು ತಪ್ಪು ಮಾಡಲ್ವಾ?"

"ಮನುಷ್ಯ ಆಗಿದ್ರೆ ಯಾರು ಬೇಡ ಅಂದಿದ್ದು ಅಂತ ಒಂದು ಮಾತು ಕೇಳ್ತಿದ್ದ. ಕೇಳಬೇಕು ಅಂತ ಗೊತ್ತಾಗೋ ಭಾಗಾನೇ ನೀವು ಕಿತ್ತು ಹಾಕಿಸಿದ್ರಿ. ನಾನು ಇದೇ ಮೇಜಿನ ಮುಂದೆ ನಿಂತು ಬಡ್ಕೊಂಡೆ."

"ಇದರಲ್ಲಿ ನಿಮಗೇನು ಸಂಬಂಧ? ಯಾರು ಈ ಹಗ್ಗದವನು?"

"ನನ್ನ ತಮ್ಮ."

ಅವರ ಮುಖ ಸಡಿಲವಾಯಿತು. ಹುಡುಕುತ್ತಿದ್ದ ಕೀಲಿಕೈ ಸಿಕ್ಕಿದವರ ಹಾಗೆ ಕಂಡರು. "ಹಾಗೆ ಹೇಳಿ ಮತ್ತೆ. ನಿಮ್ಮ ತಮ್ಮ ಅಂತ ನಿಮಗೆ ಎರಡನೇ ಅರ್ಥ ಕಾಣ್ತಿದೆ. ಮೇಸ್ತ್ರಿಯ ಅಕ್ಕ ಆಗಿದ್ರೆ ಮೊದಲನೇದೇ ಸರಿ ಅಂತಿದ್ರಿ. ಈ ಹೇಳಿಕೆನ ನೀವು ಇನ್ನು ಮುಟ್ಟಬೇಡಿ. ಕಂಪನಿಯ ಮರ್ಯಾದೆ ಪ್ರಶ್ನೆ."

ಆ ಮಾತು ಅವಳಿಗೆ ಕೆನ್ನೆಗೆ ಬಾರಿಸಿದಂತಾಯಿತು. ಕೋಪಕ್ಕಿಂತ ಹೆಚ್ಚಾಗಿ, ಅದರಲ್ಲಿ ಒಂದು ಎಳೆ ನಿಜ ಇದ್ದದ್ದಕ್ಕೆ. ತಮ್ಮನ ಮುಖ ಕಣ್ಣ ಮುಂದೆ ಇಟ್ಟುಕೊಂಡೇ ಅವಳು ಆ ಸಾಲನ್ನು ಓದಿದ್ದಳು. ಎರಡೂ ಅರ್ಥ ಬರುತ್ತದೆ ಎನ್ನುವುದು ಬೇರೆ, ಯಾವುದು ಸರಿ ಎನ್ನುವುದು ಬೇರೆ. ಹಾಳೆಯನ್ನು ಎತ್ತಿಕೊಂಡು ಹೊರಗೆ ಬಂದಳು. ಬಾಗಿಲು ತಾನಾಗಿಯೇ ನಿಧಾನಕ್ಕೆ ಮುಚ್ಚಿಕೊಳ್ಳುವಂಥದ್ದು. ಅದನ್ನು ಧಡಾರೆಂದು ಹಾಕುವ ಸುಖವೂ ಸಿಗಲಿಲ್ಲ.

ಯಂತ್ರದ ಪ್ರೋಗ್ರಾಮು ಬರೆದವನು ಅವಳ ಪಕ್ಕದ ಮೇಜಿನ ಇಂಜಿನಿಯರ್. ಬುದ್ಧಿವಂತ, ಪುಕ್ಕಲ. ನಿರ್ದೇಶಕರ ಚಪ್ಪಲಿ ಸದ್ದಾದರೆ ಸಾಕು, ಪರದೆಯ ಮೇಲಿದ್ದುದನ್ನು ಮುಚ್ಚುತ್ತಿದ್ದ. ನಾಲ್ಕನೆಯ ಕವಲಿಗೆ ಬೀಗ ಹಾಕಿದ್ದೂ ಅವನ ಕೈಯೇ.

"ಹಳೇದು, ಪೂರ್ತಿ ನಾಲ್ಕು ಕವಲಿಂದು, ಇನ್ನೂ ಇದೆಯಾ?" ಅವಳು ಕೇಳಿದಳು.

"ಇದೆ. ಆದ್ರೆ ಮೇಡಂ, ನನ್ನನ್ನ ಇದರ ಮಧ್ಯೆ ಎಳೀಬೇಡಿ."

"ಎಳೀತಿಲ್ಲ. ನೀವಾಗೇ ಮಧ್ಯದಲ್ಲಿ ಕೂತಿದ್ದೀರಿ. ಈ ಹೇಳಿಕೆ ಅದರಲ್ಲಿ ಓಡ್ಸಿ. ನಾನು ಕೀಲಿಮಣೆ ಮುಟ್ಟಲ್ಲ, ಹಿಂದೆ ನಿಂತ್ಕೋತೀನಿ. ಅದು ನನ್ನ ತಮ್ಮನೇ ತಪ್ಪಿತಸ್ಥ ಅಂದ್ರೆ ಬಾಯಿ ಮುಚ್ಕೊಂಡು ಮನೆಗೆ ಹೋಗ್ತೀನಿ."

ಅವನು ಬಾಗಿಲ ಕಡೆ ಒಮ್ಮೆ ನೋಡಿ, ಓಡಿಸಿದ. ಪರದೆಯ ಮೇಲೆ ನಾಲ್ಕು ಅಂಕಣ ತೆರೆದುಕೊಂಡವು. ಮೊದಲ ಮೂರು ಸರಸರ ತುಂಬಿದವು. ವಿವಾದದ ಸಾಲಿನ ಎದುರು ಎರಡು ಅರ್ಥ ಬಂದು ನಿಂತವು, ಎರಡೂ ಹಸಿರು. ನಾಲ್ಕನೆಯ ಅಂಕಣ ಖಾಲಿ ಇತ್ತು. ಅದು ಹಿಂದಿನ ಸಾಲುಗಳಿಗೆ ಹೋಯಿತು, ಮುಂದಿನದಕ್ಕೆ ಬಂತು, ಮತ್ತೆ ಹಿಂದಕ್ಕೆ ಹೋಯಿತು. ಕೊನೆಗೆ ಬರೆಯಿತು: ಅಣ್ಣ — ಬಂದಿದ್ರು, ಅಂದ್ರು, ಎಳ್ಕೊಂಡ್ರು: ಎಲ್ಲ ಕಡೆ ಗೌರವದ ಬಹುವಚನ. ಮೇಸ್ತ್ರಿ — ಬಂದ, ಬೈದ: ಎಲ್ಲ ಕಡೆ ಏಕವಚನ. ಇಳಿಸ್ದ — ಏಕವಚನ. ಅಣ್ಣನಾದರೆ 'ಇಳಿಸಿದ್ರು' ಆಗಬೇಕಿತ್ತು. ಒಂದು ಅರ್ಥ ಕೆಂಪಾಗಿ, ಕಾಣೆಯಾಯಿತು.

ಇಂಜಿನಿಯರ್ ಕುರ್ಚಿಯಲ್ಲೇ ಹಿಂದಕ್ಕೆ ಸರಿದ. "ಅಯ್ಯೋ," ಎಂದ.

ಅವಳಿಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಸಾಯುತ್ತಾ ಮಲಗಿದ್ದ ಮನುಷ್ಯ, ಉಸಿರು ಸಾಲದಿದ್ದರೂ, ಅಣ್ಣನಿಗೆ ಕೊಡುವ ಮರ್ಯಾದೆಯನ್ನು ಒಂದು ಕಡೆಯೂ ಬಿಟ್ಟಿರಲಿಲ್ಲ. ತನ್ನನ್ನು ಕೊಂದವನಿಗೆ ಒಂದು ಕಡೆಯೂ ಕೊಟ್ಟಿರಲಿಲ್ಲ. ಅಷ್ಟು ಸ್ಪಷ್ಟವಾಗಿ ಹೇಳಿ ಹೋಗಿದ್ದ. ಕೇಳಿಸಿಕೊಳ್ಳಬೇಕಾದ ಕಿವಿಗೆ ಇವರು ಹತ್ತಿ ತುರುಕಿದ್ದರು.

"ಪ್ರಿಂಟ್ ಕೊಡಿ," ಎಂದಳು.

"ನಾನು ಕೊಟ್ಟೆ ಅಂತ..."

"ಯಾರಿಗೂ ಹೇಳಲ್ಲ. ಕೊಡಿ."

ಅಪಘಾತದ ವಿಚಾರಣೆಗೆ ದಿನ ಗೊತ್ತುಪಡಿಸಿದ್ದರು. ಅದಕ್ಕೆ ಮುಂಚೆ ಅವಳು ಸಿಳ್ಳೆಯ ಹೆಂಡತಿಯನ್ನು ನೋಡಲು ಹೋದಳು. ಹೋಗಬೇಡ ಎಂದು ತಮ್ಮ ಕೈ ಹಿಡಿದುಕೊಂಡ. "ಮಣ್ಣು ಮಾಡೋಕೆ ನಾನು ಹೋಗಿದ್ದಾಗ ಆಯಮ್ಮ ನನ್ನ ಕೈಯಿಂದ ನೀರೂ ಮುಟ್ಟಲಿಲ್ಲ ಅಕ್ಕ. ಕಾರ್ಖಾನೆಯವರು ಆಗಲೇ ಅವಳ ಕಿವಿ ಊದಿದ್ರು ಅಂತ ಈಗ ಗೊತ್ತಾಗ್ತಿದೆ."

ಟೈಲರ್ ಅಂಗಡಿಯ ಮೇಲಿನ ಒಂದೇ ಕೋಣೆಯ ಮನೆ. ಬಾಗಿಲು ತೆಗೆದ ಹೆಂಗಸಿನ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಇತ್ತು. ಮಂಚದ ಮೇಲೆ ಕೆಳಗಿನ ಅಂಗಡಿಯ ಹೊಸ ಅಂಗಿಗಳ ರಾಶಿ.

"ನಾನು..." ಎಂದು ಇವಳು ಶುರು ಮಾಡುವಷ್ಟರಲ್ಲೇ ಅವಳಿಗೆ ಗುರುತು ಹತ್ತಿತು.

"ಅವರ ಅಕ್ಕ ಅಲ್ವಾ ನೀವು? ಗೊತ್ತು. ಮುಖದಲ್ಲೇ ಗೊತ್ತಾಗುತ್ತೆ. ರಾಜಿ ಮಾಡೋಕೆ ಬಂದ್ರಾ?"

"ರಾಜಿಗಲ್ಲಮ್ಮ. ನಿಮ್ಮ ಯಜಮಾನ್ರು ಹೇಳಿದ್ದನ್ನ ತಪ್ಪಾಗಿ ಬರ್ದಿದ್ದಾರೆ."

"ತಪ್ಪಾ? ಸಾಯೋರಿಗೆ ಸುಳ್ಳು ಹೇಳೋ ದರ್ದು ಏನಿತ್ತು? ಅಣ್ಣ ಅಣ್ಣ ಅಂತ ಹಿಂದೆ ಮುಂದೆ ಸುತ್ತುತ್ತಿದ್ರು. ಈ ಮಂಚದ ಮೇಲೇ ಕೂತು ನಿಮ್ಮ ತಮ್ಮ ಊಟ ಮಾಡಿದ್ದಾರೆ. ನಾನೇ ಬಡಿಸಿದ್ದೀನಿ. ಬಡಿಸಿದ ಕೈ ಸುಟ್ಕೋಬೇಕು ಅನ್ಸುತ್ತೆ!" ಇಸ್ತ್ರಿಪೆಟ್ಟಿಗೆ ಹಿಡಿದ ಕೈ ಮೇಲೆದ್ದಿತು. ಹೊಡೆಯುತ್ತಾಳೋ ಎನಿಸಿತು. ಹೊಡೆಯಲಿಲ್ಲ, ಬಾಗಿಲು ಹಾಕಿದಳು. ಧಡಾರೆಂಬ ಸದ್ದಿಗೆ ಕೆಳಗೆ ಹೊಲಿಗೆ ಯಂತ್ರ ಒಂದು ಕ್ಷಣ ನಿಂತಿತು.

ಮುಚ್ಚಿದ ಬಾಗಿಲಿಗೆ ವ್ಯಾಕರಣಮ್ಮ ಹೇಳಿದಳು: "ನನ್ನ ಮಾತು ನಂಬಬೇಡಿ. ಆ ಹಾಳೆನೂ ನಂಬಬೇಡಿ. ವಿಚಾರಣೆ ದಿನ ಬನ್ನಿ. ಅವರ ಧ್ವನಿನೇ ಕೇಳಿಸೋ ಹಾಗೆ ಮಾಡ್ತೀನಿ. ಕಿವಿಯಾರೆ ಕೇಳಿ, ಆಮೇಲೆ ನನ್ನ ತಮ್ಮನಿಗೆ ಉಗೀರಿ."

ಕೆಳಗೆ ಹೊಲಿಗೆ ಯಂತ್ರ ಮತ್ತೆ ಶುರುವಾಗಿತ್ತು; ಅವಳು ಮೆಟ್ಟಿಲಿಳಿದಳು.

ಅಪಘಾತ ವಿಚಾರಣೆಯ ಕಚೇರಿಯಲ್ಲಿ ಉದ್ದ ಮೇಜು, ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಯ ಮೇಲೆ ತಲೆಗೆ ರಕ್ಷಣೆಯ ಟೋಪಿ ಹಾಕಿಕೊಳ್ಳಿ ಎನ್ನುವ ಚಿತ್ರಗಳು. ವಿಚಾರಣಾಧಿಕಾರಿ ಬಡಕಲು ಮನುಷ್ಯ. ಒಂದರ ಹಿಂದೊಂದು ಕೇಸು ಮುಗಿಸಿ ಸುಸ್ತಾದ ಕಣ್ಣು. ಒಂದು ಬದಿಗೆ ಕಾರ್ಖಾನೆಯ ವಕೀಲರು, ಅವರ ಪಕ್ಕ ಇಸ್ತ್ರಿ ಮಾಡಿದ ಅಂಗಿಯಲ್ಲಿ ಮೇಸ್ತ್ರಿ. ಇನ್ನೊಂದು ಬದಿಗೆ ತಮ್ಮ, ಅಂಗೈಯ ಪಟ್ಟಿಯನ್ನು ನೋಡುತ್ತಾ. ಹಿಂದಿನ ಸಾಲಿನ ತುದಿಯಲ್ಲಿ ಸಿಳ್ಳೆಯ ಹೆಂಡತಿ ಬಂದು ಕೂತಿದ್ದಳು, ಯಾರನ್ನೂ ನೋಡುತ್ತಿರಲಿಲ್ಲ.

ಅಧಿಕಾರಿ ಸಾರಾಂಶ ಓದಿ ಮುಗಿಸುವ ಮೊದಲೇ ವ್ಯಾಕರಣಮ್ಮ ಎದ್ದು ನಿಂತಳು. "ಸರ್, ಅದನ್ನ ಬರ್ದಿದ್ದು ಯಂತ್ರ. ತಪ್ಪು ಬರ್ದಿದೆ."

"ನೀವು ಯಾರಮ್ಮ?"

"ಆರೋಪ ಹೊತ್ತವನ ಅಕ್ಕ."

ವಕೀಲರು ತುಟಿಯಂಚಿನಲ್ಲಿ ನಕ್ಕರು.

"ಆ ಯಂತ್ರಕ್ಕೆ ವ್ಯಾಕರಣ ಕಲಿಸಿದವಳೂ ನಾನೇ," ಎಂದಳು. ನಗು ಅಲ್ಲಿಗೇ ನಿಂತಿತು. "ನನ್ನ ಮಾತನ್ನ ಅಕ್ಕನ ಮಾತು ಅಂತ ಪಕ್ಕಕ್ಕಿಡಿ. ಧ್ವನಿಮುದ್ರಣ ನಿಮ್ಮ ಹತ್ರಾನೇ ಇದೆ. ಇಲ್ಲಿವರೆಗೆ ಯಾರಾದ್ರೂ ಕೇಳಿದ್ದೀರಾ ಸರ್?"

ಅಧಿಕಾರಿ ಗುಮಾಸ್ತರ ಕಡೆ ನೋಡಿದರು. ಗುಮಾಸ್ತರು ನೆಲ ನೋಡಿದರು. ಯಂತ್ರ ಬಂದ ಮೇಲೆ ಯಾರೂ ಕೇಳುವ ಗೋಜಿಗೆ ಹೋಗಿರಲಿಲ್ಲ.

ಧ್ವನಿಮುದ್ರಣ ಹಾಕಿದರು. ಮೊದಲು ಆಸ್ಪತ್ರೆಯ ಸದ್ದು, ಆಮೇಲೆ ಕೆಮ್ಮು, ಆಮೇಲೆ ಸಿಳ್ಳೆಯ ಧ್ವನಿ. ತಮ್ಮ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ. ಹಿಂದಿನ ಸಾಲಿನ ಕುರ್ಚಿ ಕಿರ್ರೆಂದಿತು. 'ಮೇಸ್ತ್ರಿ' ಎಂದು ಹೇಳಿ ಧ್ವನಿ ನಿಂತಿತು, ಕೆಮ್ಮಿತು, ಆಮೇಲೆ 'ಬೇಡ ಬೇಡ ಅಂದ್ರೂ ಕೇಳ್ದೆ ಒಳಗಿಳಿಸ್ದ' ಎಂದಿತು.

"ಮೇಸ್ತ್ರಿ ಅಂದ ಮೇಲೆ ನಿಲ್ಲಿಸಿದ್ದಾರಲ್ಲ," ಎಂದರು ಅಧಿಕಾರಿ.

"ಕೆಮ್ಮು ಬಂತು, ನಿಲ್ಲಿಸಿದ್ರು ಸರ್," ವಕೀಲರು ಥಟ್ಟನೆ ಹೇಳಿದರು. "ಕೆಮ್ಮಿಗೆಲ್ಲ ಅರ್ಥ ಹಚ್ಚೋಕಾಗುತ್ತಾ?"

"ಆಗಲ್ಲ," ವ್ಯಾಕರಣಮ್ಮ ಒಪ್ಪಿಕೊಂಡಳು. "ಅದು ಕೆಮ್ಮೇ. ಅದನ್ನ ಬಿಡಿ. ಆ ಸಾಲೊಂದನ್ನೇ ಹಿಡಿದ್ರೆ ಎರಡು ಅರ್ಥಾನೂ ಬರುತ್ತೆ; ನಾನೂ ಹೇಳೋಕಾಗಲ್ಲ, ಯಂತ್ರಾನೂ ಹೇಳೋಕಾಗಲ್ಲ. ಅದಕ್ಕೇ ಪೂರ್ತಿ ಕೇಳಬೇಕು. ನನ್ನ ತಮ್ಮನ ವಿಷಯ ಬಂದಾಗೆಲ್ಲ ಅವರು 'ಬಂದಿದ್ರು', 'ಅಂದ್ರು', 'ಎಳ್ಕೊಂಡ್ರು' ಅಂದಿದ್ದಾರೆ. ಮೇಸ್ತ್ರಿ ವಿಷಯ ಬಂದಾಗ 'ಬಂದ', 'ಬೈದ'. ಇಳಿಸಿದವನಿಗೆ ಏನಂದಿದ್ದಾರೆ? ಇಳಿಸ್ದ. ಇಳಿಸಿದ್ರು ಅಂದಿಲ್ಲ." ಅವಳು ನಾಲ್ಕು ಅಂಕಣದ ಪ್ರಿಂಟನ್ನು ಮೇಜಿನ ಮೇಲೆ ಹಾಕಿದಳು. "ಯಂತ್ರವನ್ನ ಪೂರ್ತಿ ಕೆಲಸ ಮಾಡೋಕೆ ಬಿಟ್ರೆ ಅದೂ ಇದನ್ನೇ ಹೇಳುತ್ತೆ. ನಿಮಗೆ ಮಾರಿದ್ದು ಅರ್ಧ ಯಂತ್ರ."

ವಕೀಲರು ಎದ್ದರು. "ಸರ್, ಒಂದು 'ರು' ಇಲ್ಲ ಅಂತ ಒಬ್ಬ ಜವಾಬ್ದಾರಿ ಮನುಷ್ಯನ ಮೇಲೆ ಸಾವಿನ ಅಪವಾದ ಹೊರಿಸೋದಾ?"

"ಆ ಒಂದು 'ರು' ಕೇಳಿಸಿಕೊಳ್ಳದೆ ನನ್ನ ತಮ್ಮನ ಮೇಲೆ ಹೊರಿಸಿದ್ರಲ್ಲ, ಆಗ ಎಲ್ಲಿ ಹೋಗಿತ್ತು ಈ ಪ್ರಶ್ನೆ?" ಅವಳ ಧ್ವನಿ ಕೋಣೆ ತುಂಬಿತು. ಹೊರಗೆ ಕಾಯುತ್ತಿದ್ದವರು ಬಾಗಿಲಲ್ಲಿ ಇಣುಕಿದರು.

"ಆಯಾಸದಲ್ಲಿರೋ ಮನುಷ್ಯ ಒಂದೊಂದು ಸಲ ಒಂದೊಂದು ತರ ಹೇಳ್ತಾನೆ ಸರ್..."

"ಹೇಳಲ್ಲ."

ಹಿಂದಿನ ಸಾಲಿನ ಮಾತು. ಸಿಳ್ಳೆಯ ಹೆಂಡತಿ ಎದ್ದು ನಿಂತಿದ್ದಳು. "ಅಣ್ಣನ್ನ ಅವರು ಯಾವತ್ತೂ ಹೋದ, ಬಂದ ಅಂದಿದ್ದೇ ಇಲ್ಲ. ಕುಡಿದಾಗಲೂ ಅಂದಿಲ್ಲ. ಒಂದ್ಸಲ ಅಣ್ಣನ ಜೊತೆ ಮಾತು ಬಿಟ್ಟಿದ್ರು, ಆಗಲೂ 'ಅವರ ಜೊತೆ ನಾನು ಮಾತಾಡಲ್ಲ' ಅಂತಾನೇ ಹೇಳಿದ್ದು." ಅವಳು ಮೇಸ್ತ್ರಿಯ ಕಡೆ ಬೆರಳು ಮಾಡಿದಳು. "ಈ ಮನುಷ್ಯನಿಗೆ ಮಾತ್ರ ಎದುರಿಗೆ ರೀ, ಮನೇಲಿ ಅವನು, ಇವನು. ದಿನಾ ಬಂದು ಇವನು ಬೈದಿದ್ದನ್ನೇ ಹೇಳ್ತಿದ್ರು." ಆಮೇಲೆ ಧ್ವನಿ ಒಡೆಯಿತು. "ನನಗೆ ಹಾಳೆ ತೋರಿಸಿದ್ರು. ಅವರ ಧ್ವನಿ ಇದೆ ಅಂತ ನನಗೆ ಯಾರೂ ಹೇಳಲೇ ಇಲ್ಲ. ನನ್ನ ಗಂಡನ ಕೊನೇ ಮಾತು! ಕೇಳಿಸಬೇಕು ಅಂತ ನಿಮಗೆ ಯಾರಿಗೂ ಅನ್ನಿಸಲಿಲ್ವಾ?"

ಅಧಿಕಾರಿ ತಲೆ ತಗ್ಗಿಸಿದರು. ಆಮೇಲೆ ಮೇಸ್ತ್ರಿಯನ್ನು ನೇರವಾಗಿ ಕೇಳಿದರು: "ಫ್ಯಾನು ಯಾಕೆ ಹಾಕಲಿಲ್ಲ?"

"ಅವತ್ತೇ ಮುಗಿಸಬೇಕು ಅಂತ ಮೇಲಿಂದ ಹೇಳಿದ್ರು ಸರ್, ಫ್ಯಾನು ಹಾಕ್ಕೊಂಡು ಕೂತ್ರೆ..." ವಕೀಲರು ಅವನ ತೋಳು ಹಿಡಿದು ಒತ್ತಿದರು. ತಡವಾಗಿತ್ತು. ಇಳಿಸಬೇಡ ಅಂದವನಿಗೆ ಫ್ಯಾನಿನ ಲೆಕ್ಕಾಚಾರ ಯಾಕೆ ಬೇಕಿತ್ತು ಎಂದು ಅಧಿಕಾರಿ ಕೇಳಿದಾಗ ಅವನು ವಕೀಲರ ಕಡೆ ತಿರುಗಿದ.

ಸಾರಾಂಶವನ್ನು ರದ್ದು ಮಾಡಿದರು. ತಮ್ಮನ ಮೇಲಿನ ಆರೋಪ ಬಿದ್ದುಹೋಯಿತು. ಮೇಸ್ತ್ರಿಯ ಮೇಲೆ, ಅವನಿಗೆ ಹೇಳಿದ 'ಮೇಲಿನವರ' ಮೇಲೆ ಬೇರೆ ವಿಚಾರಣೆ ಶುರುವಾಯಿತು. ಕಚೇರಿಯ ಮೊಗಸಾಲೆಯಲ್ಲಿ ತಮ್ಮ ಗೋಡೆಗೆ ಹಣೆ ಒತ್ತಿ ಮಕ್ಕಳ ಹಾಗೆ ಬಿಕ್ಕಿದ. "ಅವನು ನನ್ನ ಹೆಸ್ರು ಹೇಳಿರ್ಲಿಲ್ಲ ಅಕ್ಕ," ಎಂದ. ಅಷ್ಟೇ ಅವನಿಗೆ ಬೇಕಿದ್ದದ್ದು. ಸಿಳ್ಳೆಯ ಹೆಂಡತಿ ಅವನ ಹತ್ತಿರ ಬಂದಳು. ಕ್ಷಮಿಸಿ ಎಂದೇನೂ ಹೇಳಲಿಲ್ಲ. ಪಟ್ಟಿ ಕಟ್ಟಿದ ಅವನ ಕೈಯನ್ನು ಒಮ್ಮೆ ಮುಟ್ಟಿ, ಕಣ್ಣೊರೆಸಿಕೊಂಡು, ಇಳಿದು ಹೋದಳು.

ಅಲ್ಲಿಗೆ ಮುಗಿಯಿತು ಎಂದು ಮನೆಯವರೆಲ್ಲ ಅಂದುಕೊಂಡರು. ಮಾರನೆಯ ದಿನ ಪ್ರಯೋಗಾಲಯಕ್ಕೆ ಹೋದಾಗ ನಿರ್ದೇಶಕರು ಬಾಗಿಲಲ್ಲೇ ನಗುತ್ತಾ ನಿಂತಿದ್ದರು. ಬೈಗುಳಕ್ಕೆ ಸಿದ್ಧವಾಗಿ ಹೋದವಳಿಗೆ ಆ ನಗು ನೋಡಿ ಮೈ ಮೇಲೆ ಹುಳ ಹರಿದಂತಾಯಿತು.

"ಬನ್ನಿ ಬನ್ನಿ ಮೇಡಂ! ಎಂಥ ಕೆಲಸ ಮಾಡಿದ್ರಿ! ನಮ್ಮ ಯಂತ್ರ ಒಬ್ಬ ನಿರಪರಾಧಿಯನ್ನ ಉಳಿಸಿತು ಅಂತ ಪತ್ರಿಕೆಗೆ ಕೊಟ್ಟಿದ್ದೀನಿ. ಆ ನಾಲ್ಕನೇ ಕವಲನ್ನ ಹೊಸದು ಅಂತ ಸೇರಿಸಿ ಇನ್ನೊಂದು ಸಲ ಮಾರಬಹುದು."

"ಉಳಿಸಿತಾ? ಮುಳುಗಿಸಿದ್ದು ಯಾರು ಸರ್?"

"ಹಳೇದು ಬಿಡಿ."

"ಹಳೇದನ್ನೇ ಕೇಳ್ತಿರೋದು. ಈ ಅರ್ಧ ಯಂತ್ರ ಇಲ್ಲಿವರೆಗೆ ಎಷ್ಟು ಜನರ ಹೇಳಿಕೆ ಓದಿದೆ? ನನ್ನ ತಮ್ಮನಿಗೆ ನಾನಿದ್ದೆ. ಅವರಿಗೆಲ್ಲ ಯಾರಿದ್ರು? ಎಲ್ಲಾನೂ ಮತ್ತೆ ಓದಿಸಬೇಕು. ಪ್ರತಿಯೊಂದನ್ನೂ."

ನಿರ್ದೇಶಕರ ನಗು ಮಾಯವಾಯಿತು. "ಅದನ್ನೆಲ್ಲ ಕೆದಕಿದ್ರೆ ಈ ಕಂಪನಿ ಉಳಿಯುತ್ತಾ? ಇಲ್ಲಿರೋರು ಎಲ್ಲರೂ ಬೀದಿಗೆ ಬೀಳ್ತಾರೆ. ಸ್ವಲ್ಪ ತಣ್ಣಗೆ ಯೋಚನೆ ಮಾಡಿ."

"ತಣ್ಣಗೆ ನೀವು ಯೋಚನೆ ಮಾಡಿದ್ದಕ್ಕೇ ಇದೆಲ್ಲ ಆಗಿದ್ದು," ಎಂದು ಹೇಳಿ ಅವಳು ತನ್ನ ಮೇಜಿಗೆ ಹೋದಳು. ಕೂರಲಿಲ್ಲ. ಪುಸ್ತಕಗಳನ್ನು ಚೀಲಕ್ಕೆ ತುಂಬಿದಳು. ಇಂಜಿನಿಯರ್ ಪರದೆಯಿಂದ ಕಣ್ಣು ತೆಗೆಯದೆ ಕೂತಿದ್ದ. ಅವಳು ಹೊರಡುವಾಗ ತಲೆ ಎತ್ತದೆಯೇ ಮೆಲ್ಲಗೆ ಹೇಳಿದ: "ಕಚೇರಿಯವರು ಅಧಿಕೃತವಾಗಿ ಕೇಳಿದ್ರೆ ಪೂರ್ತಿ ಯಂತ್ರ ಕೊಡದೆ ಇರೋಕೆ ಆಗಲ್ಲ. ಕರಾರಿನಲ್ಲಿದೆ. ಓಡಿಸೋಕೆ ನಾನು ಬರ್ತೀನಿ."

"ನಿಮ್ಮನ್ನ ಮಧ್ಯೆ ಎಳೆದಂಗಾಗಲ್ವಾ?"

"ಆಗುತ್ತೆ," ಎಂದು ಅವನು ಹಣೆಯ ಬೆವರು ಒರೆಸಿಕೊಂಡ.

ಅವಳು ಅಲ್ಲಿಂದ ನೇರ ವಿಚಾರಣಾಧಿಕಾರಿಯ ಹತ್ತಿರ ಹೋದಳು. ಅವರು ಒಂದೇ ಸಲಕ್ಕೆ ಒಪ್ಪಲಿಲ್ಲ. ಮೇಲಿನವರನ್ನು ಕೇಳಬೇಕು ಎಂದರು, ಜಾಗ ಇಲ್ಲ ಎಂದರು, ಮುಗಿದ ಕೇಸು ಮತ್ತೆ ತೆರೆದರೆ ಜನ ದಂಗೆ ಏಳುತ್ತಾರೆ ಎಂದರು. ಅವಳು ದಿನಾ ಹೋಗಿ ಅವರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಳು. ಕೆಲವು ದಿನ ಸಿಳ್ಳೆಯ ಹೆಂಡತಿಯೂ ಬಂದು ಪಕ್ಕದಲ್ಲಿ ಕೂತಳು, ಮಡಿಲಲ್ಲಿ ಗುಂಡಿ ಹಾಕಬೇಕಾದ ಅಂಗಿಗಳೊಂದಿಗೆ. ಕೊನೆಗೆ ಅಧಿಕಾರಿ ಹಳೆಯ ಸಾಮಾನು ತುಂಬಿದ್ದ ಕೋಣೆಯೊಂದನ್ನು ಖಾಲಿ ಮಾಡಿಸಿ ಕೊಟ್ಟರು. ಇಂಜಿನಿಯರ್ ಪೂರ್ತಿ ಯಂತ್ರ ತಂದು ಜೋಡಿಸಿದ.

ಎಲ್ಲ ಹೇಳಿಕೆಗಳೂ ತಪ್ಪಿರಲಿಲ್ಲ. ಹೆಚ್ಚಿನವು ಸರಿಯಾಗಿಯೇ ಇದ್ದವು. ಆದರೆ ನಡುನಡುವೆ ಒಂದೊಂದು ಸಾಲಿನ ಎದುರು ಎರಡು ಹಸಿರು ಅರ್ಥ ಬಂದು ನಿಲ್ಲುತ್ತಿತ್ತು, ಯಾವ ಕವಲಿಗೂ ಬಗೆಹರಿಯದೆ. ಅಂಥ ಪ್ರತಿಯೊಬ್ಬರನ್ನೂ ಕರೆಸಬೇಕಾಯಿತು. ಕಾರ್ಖಾನೆಗೆ ತಮ್ಮ ವಾಪಸು ಹೋಗಲಿಲ್ಲ. ನೀರಿನ ಪೈಪು ರಿಪೇರಿ ಮಾಡುತ್ತಾ, ಬಿಡುವಾದಾಗ ಆ ಜನರ ಮನೆ ಹುಡುಕಿ ಸುದ್ದಿ ಮುಟ್ಟಿಸುತ್ತಿದ್ದ. ಕೆಲವರು ಬಂದರು. ಕೆಲವರು ಊರು ಬಿಟ್ಟಿದ್ದರು. ಒಬ್ಬ ಮುದುಕ ಬಂದು, ಇಷ್ಟು ದಿನ ಎಲ್ಲಿ ಹೋಗಿದ್ರಿ ಎಂದು ಮೇಜಿನ ಮೇಲಿದ್ದ ಕಾಗದಗಳನ್ನೆಲ್ಲ ಎಳೆದು ನೆಲಕ್ಕೆ ಚೆಲ್ಲಿದ.

ವ್ಯಾಕರಣಮ್ಮ ಅವನನ್ನು ತಡೆಯಲಿಲ್ಲ. ಚೆಲ್ಲಿ ಮುಗಿಯುವವರೆಗೆ ನಿಂತಿದ್ದಳು. ಆಮೇಲೆ ಬಗ್ಗಿ ಒಂದೊಂದೇ ಕಾಗದ ಆಯ್ದು ಮೇಜಿನ ಮೇಲಿಟ್ಟು, ಕುರ್ಚಿಯನ್ನು ಅವನ ಕಡೆ ಸರಿಸಿದಳು.

"ನೀವು ಬೈಯೋದು ಸರಿ," ಎಂದಳು. "ಬೈದು ಮುಗಿಸಿ. ನಾನು ಇಲ್ಲೇ ಇರ್ತೀನಿ."

ಮುದುಕ ಏದುಸಿರು ಬಿಡುತ್ತಾ ಕೂತುಕೊಂಡ.